ಒಬ್ಬರೇ ವ್ಯಕ್ತಿ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಎದುರು,
ಗೊಬ್ಬರದಂಗಡಿಯ ಮೇಲೆ, ಹನ್ನೊಂದು ಮೆಟ್ಟಿಲು ಹತ್ತಿದರೆ ನನ್ನ ಆಫೀಸು.
ನೋಟರಿ ಎಂಬ ಬೋರ್ಡು, ಒಂದು ಮೊಹರು,
ತಿರುಗದ ತಿರುಗುಕುರ್ಚಿ.
ಕಿಟಕಿ ತೆರೆದರೆ ಬೆಂದ ಹುಳದ ವಾಸನೆ.
ಮುಚ್ಚಿದರೂ ಅದೇ.

ಶಮೀಮುನ್ನೀಸಾ ಬಂದದ್ದು ಬುಧವಾರ, ಹರಾಜು ಮುಗಿದ ಮೇಲೆ,
ಬಿಸಿನೀರಲ್ಲಿ ನೆಂದು ನೆಂದು ಬಿಳಿಚಿದ ಬೆರಳುಗಳಲ್ಲಿ
ಕವರಿನೊಳಗೆ ಕವರು, ಅದರೊಳಗೆ ಫೈಲು.
ಹಿಂದೆಯೇ ಮಗಳು ತಸ್ಲೀಮ್, ಬಾಗಿಲಿಗೆ ಒರಗಿ.

ಅಕ್ಕ, ಇವಳ ಬಾಯಲ್ಲಿ ಆಪಾ, ಡೆಟ್ರಾಯಿಟಿನಲ್ಲಿ ನರ್ಸು.
ಹದಿನೈದು ವರ್ಷದ ಕೆಳಗೆ ಅಲ್ಲಿ ಅರ್ಜಿ ಹಾಕಿದ್ದಳು:
ನನ್ನ ತಂಗಿಯನ್ನು, ತಂಗಿಯ ಮನೆಯವರನ್ನು, ನನ್ನಲ್ಲಿಗೆ ಬಿಡಿ.
ಈಗ ಸರದಿ ಬಂದಿದೆ.
ಈಗ ಕೇಳುತ್ತಿದ್ದಾರೆ:
ಒಡಹುಟ್ಟಿದವಳೇ ಎಂಬುದಕ್ಕೆ ಏನು ಸಾಕ್ಷಿ?

ಇದ್ದದ್ದನ್ನೆಲ್ಲ ಮೇಜಿನ ಮೇಲೆ ಹರಡಿದೆ.
ಆಪಾಳ ಅಂಕಪಟ್ಟಿಯಲ್ಲಿ ತಂದೆ ಅಬ್ದುಲ್ ಸತ್ತಾರ್.
ಇವಳ ಟೀಸಿಯಲ್ಲಿ ಸತ್ತಾರ್ ಸಾಬ್.
ಪಡಿತರ ಚೀಟಿಯಲ್ಲಿ, ಯಾವ ಗುಮಾಸ್ತನ ಆತುರವೋ, ಸತ್ತಾರಪ್ಪ.
ತಾಯಿಗೆ ಒಂದರಲ್ಲಿ ಬೀ ಇದೆ, ಒಂದರಲ್ಲಿ ಇಲ್ಲ,
ಇನ್ನೊಂದರಲ್ಲಿ ತಾಯಿಯೇ ಇಲ್ಲ.
ಜನನ ಪತ್ರ ಕೇಳಿದ್ದಕ್ಕೆ ಪುರಸಭೆ ಕೊಟ್ಟದ್ದು
ದಾಖಲೆ ಇಲ್ಲ ಎಂಬುದರ ದಾಖಲೆ.

ಬರೆದೆ: ಮೇಲ್ಕಂಡ ಮೂರೂ ಹೆಸರಿನ ವ್ಯಕ್ತಿ ಒಬ್ಬರೇ ಎಂದೂ
ಸದರಿಯವರು ನನ್ನ ತಂದೆಯೆಂದೂ ಪ್ರಮಾಣ ಮಾಡಿ ಹೇಳುತ್ತೇನೆ.
ಓದಿ ಹೇಳಿದಾಗ ಶಮೀಮ್ ನಕ್ಕಳು.
"ಒಬ್ಬರೆಲ್ಲಿ ಮೇಡಮ್!
ನೂಲಿಗೆ ರೇಟು ಬಂದ ದಿನ ಒಬ್ಬ, ಬಾರದ ದಿನ ಇನ್ನೊಬ್ಬ.
ಮೂರನೆಯವನನ್ನು ಆಪಾ ಮಾತ್ರ ನೋಡಿದ್ದಾಳೆ."

ಹುಟ್ಟು ಕಂಡವರ ಹೇಳಿಕೆ ಬೇಕಿತ್ತು.
ಪಕ್ಕದ ಮನೆಯ ನರಸಕ್ಕ, ಎಂಬತ್ತು ದಾಟಿದವಳು,
ನಾಲ್ಕು ಕಡೆ ಕೂತು ಮೆಟ್ಟಿಲು ಹತ್ತಿ ಬಂದಳು.
ಯಾವ ಇಸವಿ ಅಂದರೆ
"ಕೆರೆ ಕೋಡಿ ಹೋದ ವರ್ಷ ಕಣಮ್ಮ,
ನಮ್ಮ ಕೆಂಪಿ ಕರು ಹಾಕಿದ ಮಾರನೇ ದಿನ.
ಗಿಣ್ಣು ತಗೊಂಡು ಹೋದೆ, ಕೂಸು ಅಳ್ತಿತ್ತು,
ದೊಡ್ಡದು ಬಾಗಿಲಲ್ಲಿ ನಿಂತು ನನಗೂ ಗಿಣ್ಣು ಅಂತಿತ್ತು."
ನಾನು ಬರೆದೆ: ೧೯೭೭ನೇ ಇಸವಿಯ ಸುಮಾರಿಗೆ.
ಗಿಣ್ಣಿಗೆ ಆ ಕಾಗದದಲ್ಲಿ ಕಾಲಂ ಇರಲಿಲ್ಲ.

ಆಗ ತಸ್ಲೀಮ್, ಅಲ್ಲಿಂದಲೇ:
"ಇದರಲ್ಲಿ ನಾನಿಲ್ಲ ಅಲ್ವಾ ಮೇಡಮ್?"

ಅವಳಾಗಲೇ ಓದಿಕೊಂಡಿದ್ದಳು. ನಾನು ಬರಿ ಹೌದು ಅನ್ನಬೇಕಿತ್ತು.
ಅರ್ಜಿ ಹೋದಾಗ ಎಂಟು, ಈಗ ಇಪ್ಪತ್ತಮೂರು.
ಇಪ್ಪತ್ತೊಂದಾದರೆ ಮಗುವಲ್ಲ, ಅದು ಅಲ್ಲಿಯ ಲೆಕ್ಕ.
ಅರ್ಜಿ ಅವರ ಮೇಜಿನ ಮೇಲೆ ಬಿದ್ದಿದ್ದ ತಿಂಗಳುಗಳನ್ನು
ವಯಸ್ಸಿನಿಂದ ಕಳೆದುಕೊಡುತ್ತಾರೆ.
ಕಳೆದೆವು, ಚಿಂತಾಮಣಿ ಬಸ್ಸಿನ ಟಿಕೆಟ್ಟಿನ ಹಿಂದೆ,
ಒಮ್ಮೆ ನಾನು, ಒಮ್ಮೆ ಅವಳು.
ಏಳು ತಿಂಗಳು ಹೆಚ್ಚಾಯಿತು.

ಶಮೀಮ್ ಕೇಳಿದಳು,
"ಇವಳು ನನ್ನ ಮಗಳು ಅನ್ನೋದಕ್ಕೆ ಎಲ್ಲ ಇದೆಯಲ್ಲ?
ಹೆಸರು ಸರಿಯಾಗಿದೆಯಲ್ಲ?"
ಇದೆ. ಸರಕಾರಿ ಆಸ್ಪತ್ರೆ, ರಾತ್ರಿ ಎರಡೂ ಹತ್ತು,
ಎರಡು ಕಿಲೋ ಆರುನೂರು ಗ್ರಾಂ.
ಒಂದಕ್ಷರ ತಪ್ಪಿಲ್ಲ.

ಕೆಳಗೆ ಯಾರೋ ಗೂಡಿನ ಬುಟ್ಟಿ ತಳ್ಳಿ ಬಯ್ದಾಡುತ್ತಿದ್ದರು.
ಅದು ಮುಗಿಯುವವರೆಗೆ ಮೂವರೂ ಕಾದೆವು.

ರುಜು ಹಾಕಿದಳು. ಹೆಬ್ಬೆಟ್ಟು ಒತ್ತಿಸಿದರೆ
ಬರೀ ಮಸಿ ಬಿತ್ತು, ಗೆರೆಯೇ ಇಲ್ಲ.
ಮೂವತ್ತು ವರ್ಷ ಕುದಿನೀರಿನಿಂದ ಎಳೆಯ ತುದಿ ಹುಡುಕಿದ ಬೆರಳು.
ತಸ್ಲೀಮ್ ಬಂದು ಅಮ್ಮಿಯ ಕೈಯನ್ನು ದುಪಟ್ಟಾದಲ್ಲಿ ಒರೆಸಿ,
ಒಣಗಲು ಊದಿ,
ತಾನೇ ಹಿಡಿದು ಮತ್ತೆ ಒತ್ತಿಸಿದಳು. ಮಂಕಾಗಿ ನಾಲ್ಕು ಗೆರೆ ಮೂಡಿದವು.

"ದಿನಾಂಕ ಖಾಲಿ ಬಿಡಿ ಮೇಡಮ್," ಅಂದಳು ಶಮೀಮ್.
"ಮನೇಲಿ ಯೋಚನೆ ಮಾಡಿ ಹೇಳ್ತೀನಿ."
ಉಳಿದದ್ದೇನು ಬೇಕಾದರೂ ಸುಮಾರಿಗೆ ಎಂದು ಬರೆಯಬಹುದು,
ಅದೊಂದನ್ನು ಖಾಲಿ ಬಿಡುವಂತಿಲ್ಲ.
ಮಗಳು ಗೋಡೆಯ ಕ್ಯಾಲೆಂಡರು ನೋಡಿ
ಜೋರಾಗಿ ತಾರೀಕು ಹೇಳಿದಳು.
ಬರೆದೆ. ಮೊಹರು ಒತ್ತಿದೆ.